ತಟ್ಟುವಿಗೊಬ್ಬ ಡಾಕ್ಟರು: ಅಕಲೂಜದಿಂದ ಶಿರವಳದವರೆಗೆ



ನಮ್ಮ ಮಾಸಪತ್ರಿಕೆಯಲ್ಲಿ ಯಾತ್ರೆಯ ಲೇಖನಗಳು ಬರುತ್ತಿರುತ್ತವೆ. ಶಿಖರಜಿಗೆ ಹೋಗಿಬಂದವರು, ಗಿರನಾರ ಹತ್ತಿದವರು, ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಕಂಡವರು ಬರೆಯುತ್ತಾರೆ. ನಾನು ಬರೆಯುತ್ತಿರುವದು ಅಂಥ ಯಾತ್ರೆಯಲ್ಲ. ಒಂದು ಕುದುರೆ ತಟ್ಟುವಿಗೆ ಒಳ್ಳೆಯ ಡಾಕ್ಟರನ್ನು ಹುಡುಕಿಕೊಂಡು 2023ರ ದೀಪಾವಳಿಯ ಮರುವಾರ ಮೂರು ದಿನ ತಿರುಗಾಡಿದ ಸಂಗತಿ ಇದು. ದಾರಿಯಲ್ಲಿ ಒಂದು ಅತಿಶಯ ಕ್ಷೇತ್ರದ ದರ್ಶನವೂ ಆಯಿತು. ನಾನು ಮ್ಯಾಟ್ರಿಕ್ ತನಕ ಕಲಿತವನು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಜತ್ತ ತಾಲೂಕಿನಲ್ಲಿ ಕಾಳುಕಡಿ ವ್ಯಾಪಾರ ಮಾಡಿದವನು. ಬರವಣಿಗೆಯಲ್ಲಿ ತಪ್ಪುಗಳಿದ್ದರೆ ವಾಚಕರು ಮನ್ನಿಸಬೇಕು.

ಮೊದಲು ಮೋತಿಯ ವಿಷಯ ಹೇಳಬೇಕು.

ನಮ್ಮ ತಾಲೂಕು ಬರಗಾಲದ ತಾಲೂಕು. ದೀಪಾವಳಿ ಮುಗಿಯುತ್ತಲೇ ನಮ್ಮ ಸುತ್ತಲಿನ ಧನಗರರು ಕುರಿಹಿಂಡು ಹೊಡೆದುಕೊಂಡು ಪಶ್ಚಿಮಕ್ಕೆ, ಕೊಂಕಣದ ಕಡೆಗೆ ಹೊರಡುತ್ತಾರೆ. ಮಳೆಗಾಲದ ಹೊತ್ತಿಗೆ ಮರಳಿ ಬರುತ್ತಾರೆ. ಅವರ ಸಂಸಾರವೆಲ್ಲ ತಟ್ಟುಗಳ ಬೆನ್ನಿನ ಮೇಲೆ. ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ಆಗತಾನೆ ಹುಟ್ಟಿದ ಕುರಿಮರಿ, ಕೋಳಿ, ಒಮ್ಮೊಮ್ಮೆ ಮಲಗಿದ ಕೂಸು ಕೂಡ. ನಮ್ಮ ಅಂಗಡಿಯಲ್ಲಿ ಉದ್ರಿ ಖಾತೆ ಇರುವ ಒಬ್ಬ ಧನಗರ ಹಿರಿಯರು 2017ರಲ್ಲಿ ಕುಂಟುವ ಒಂದು ಎಳೆಯ ತಟ್ಟುವನ್ನು ಹಿಡಿದುಕೊಂಡು ಬಂದರು.

“ಸಾಹುಕಾರ್ರ, ಇದು ಈ ವರ್ಸ ನಮ್ಮ ಕೂಡ ನಡ್ಯಾಂಗಿಲ್ರಿ. ನಿಮ್ಮ ಹಿತ್ತಲದಾಗ ಇರ್ಲಿ. ಆರಾಮಾದ್ರ ಒಯ್ತೀನಿ, ಇಲ್ಲಂದ್ರ ನಿಮ್ದ.”

ಬೇಡವೆನ್ನಲು ಮನಸ್ಸು ಬರಲಿಲ್ಲ. ಮೊಮ್ಮಗ ಅದಕ್ಕೆ ಮೋತಿ ಎಂದು ಹೆಸರಿಟ್ಟ. ನನ್ನ ಎದೆಮಟ್ಟಕ್ಕೂ ಬಾರದ ಪ್ರಾಣಿ. ಕಾಲು ತಾನಾಗಿಯೇ ವಾಸಿಯಾಯಿತು. ಮುಂದೆ ಧನಗರರು ಬಂದಾಗ ಮೊಮ್ಮಗ ಅತ್ತದ್ದನ್ನು ಕಂಡು ಅವರೇ ಬಿಟ್ಟುಹೋದರು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಹಿತ್ತಲಕ್ಕೆ ಹೋಗಿ ಅದಕ್ಕೆ ಬೆಲ್ಲ ತಿನ್ನಿಸುವರು. ಅಷ್ಟಮಿ ಚತುರ್ದಶಿಗೆ ನಾವೇ ಜೋಳ, ಕಡಲೆ, ಚಪಾತಿ ಇಡುವೆವು. ಮೂಕಪ್ರಾಣಿಗೆ ತಿನ್ನಿಸಿದರೆ ಪುಣ್ಯ ಎಂಬ ಭಾವನೆ. ಎರಡು ವರ್ಷದಲ್ಲಿ ಮೋತಿ ದುಂಡಗೆ ಗಡಿಗೆಯಂತಾಯಿತು. ನೋಡಿದವರು “ಶೆಟ್ಟರ ಮನಿ ಅನ್ನ, ಹೆಂಗ ಮೈ ಹಿಡದೈತಿ ನೋಡ್ರಿ” ಎನ್ನುವರು. ನಾನು ಹಿಗ್ಗುವೆನು.

2019ರ ಬೇಸಿಗೆಯಲ್ಲಿ ಒಂದು ಮುಂಜಾನೆ ಮೋತಿ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತುಬಿಟ್ಟಿತು. ಒಂದು ಹೆಜ್ಜೆ ಇಡಲೊಲ್ಲದು. ಗೊರಸು ಮುಟ್ಟಿದರೆ ಕಾದ ಹೆಂಚು. ಹತ್ತಿರದ ಊರಿನಿಂದ ಒಬ್ಬರನ್ನು ಕರೆಸಿದೆವು. ಹೆಸರು ಬೇಡ. ಅವರು ಬಂದು ಗಾಡಿಯ ಎಂಜಿನ್ ಬಂದ್ ಮಾಡದೆ, ಎಮ್ಮೆಗೆ ಹಾಕುವಷ್ಟೇ ದೊಡ್ಡ ಸೂಜಿ ಚುಚ್ಚಿ, “ಹೊಟ್ಟೆ ಬಿಗಿದಿದೆ, ಮೇವು ಬಂದ್ ಮಾಡಿರಿ” ಎಂದು ಹೇಳಿ ರೋಖ ಎಣಿಸಿಕೊಂಡು ಹೋದರು. ಮೇವು ಬಂದ್ ಮಾಡುವದು ನನಗೂ ಸರಿಯೆನಿಸಿತು. ಲಂಘನವೇ ಪರಮೌಷಧ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಒಂದು ದಿನದ ಉಪವಾಸವನ್ನು ನಾನು ಮೂರು ದಿನಕ್ಕೆ ಒಯ್ದೆ. ನಾಲ್ಕನೆಯ ದಿನ ಮೋತಿ ತಾನಾಗಿಯೇ ನೀರು ಕೂಡ ಮೂಸಲಿಲ್ಲ. ಸಂಜೆಗೆ ಹೋಯಿತು.

ಮೊಮ್ಮಗನಿಗೆ ಆಗ ಒಂಬತ್ತು ವರ್ಷ. “ಅಜ್ಜಾ, ಮೋತಿ ಯಾಕ ಸತ್ತಿತು?” ಎಂದು ಕೇಳಿದ. ಆಯುಷ್ಯಕರ್ಮ ಮುಗಿದಿತ್ತು ಎಂದೆ. ಅವನು ನನ್ನನ್ನೇ ನೋಡುತ್ತ ಕೂತ. ಆ ಉತ್ತರದಿಂದ ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ನಾಲ್ಕು ವರ್ಷ ಕಳೆಯಿತು. 2023ರ ದಸರೆಯಲ್ಲಿ ಅದೇ ಧನಗರ ಹಿರಿಯರು ಬಂದರು. ಅವರ ಒಂದು ಹೆಣ್ಣು ತಟ್ಟು ವಯಸ್ಸಾಗಿ ಇನ್ನು ಘಾಟು ಇಳಿಯಲಾರದು, ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ನಾನು ಆಗುವದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಒಳಗಿನಿಂದ ನಮ್ಮ ಮನೆಯವರು, “ಒಲ್ಲೆ ಅನಬ್ಯಾಡ್ರಿ. ಮದಲ ಡಾಕ್ಟರ್‌ನ ಹುಡುಕ್ರಿ, ಆಮ್ಯಾಲ ಕುದರಿ ತರ್ರಿ” ಅಂದರು. ಅಂಗಡಿಗೆ ಮಾಲು ತರುವ ಮೊದಲು ಗೋದಾಮು ನೋಡುತ್ತೇವೆ. ಪ್ರಾಣಿಯನ್ನು ತರುವ ಮೊದಲು ಡಾಕ್ಟರನ್ನು ನೋಡಬೇಕೆಂಬುದು ನನಗೆ ಅರವತ್ತು ದಾಟಿದ ಮೇಲೆ ಹೆಂಡತಿ ಹೇಳಿ ತಿಳಿಯಿತು.

ನಮ್ಮ ಕಡೆ ಪಶುವೈದ್ಯರಿಗೆ ದನದ ಡಾಕ್ಟರು ಎಂದೇ ಹೆಸರು. ಕುದುರೆಯ ಡಾಕ್ಟರು ಎಂಬ ಮಾತನ್ನೇ ಯಾರೂ ಆಡುವದಿಲ್ಲ. ತಾಲೂಕಿನ ಸರಕಾರಿ ದವಾಖಾನೆಗೆ ಹೊಸದಾಗಿ ಬಂದ ತರುಣ ಡಾಕ್ಟರರನ್ನು ಕೇಳಿದೆ. ಅವರು, “ಸಾಹುಕಾರರೇ, ನಾನು ಆಕಳು, ಎಮ್ಮೆ, ಆಡು ನೋಡಿದಷ್ಟು ಕುದುರೆ ನೋಡಿಲ್ಲ. ಬೇಕಾದರೆ ಕೇಳಿ ತಿಳಿದು ಮಾಡುತ್ತೇನೆ” ಎಂದರು. ತನಗೆ ಬಾರದೆಂದು ತಾನೇ ಹೇಳುವ ಡಾಕ್ಟರು ಏತಕ್ಕೆ ಎಂದುಕೊಂಡು ಹಿಂದಿರುಗಿದೆ. ಕುದುರೆ ಇರುವಲ್ಲಿ ಕುದುರೆಯ ಡಾಕ್ಟರು ಇರಬೇಕು, ಅಕಲೂಜದ ಸಂತೆಗೇ ಹೋಗಿ ಕೇಳೋಣ ಎಂದು ನಿಶ್ಚಯಿಸಿದೆ. ತಮ್ಮನ ಮಗ ಗಾಡಿ ನಡೆಸಲು ಒಪ್ಪಿದ. ಮೊಮ್ಮಗನಿಗೆ ದೀಪಾವಳಿ ಸೂಟಿ ಇತ್ತು, ಒಂದು ನೋಟುಬುಕ್ಕು ಹಿಡಿದು ಅವನೂ ಹೊರಟ.

ನಸುಕಿನಲ್ಲಿ ಜತ್ತ ಬಿಟ್ಟು, ಸಾಂಗೋಲೆಯಲ್ಲಿ ಚಹಾ ಕುಡಿದು, ಮಹೂದ, ವೇಳಾಪುರ ಹಾದು ಅಕಲೂಜಕ್ಕೆ ಬಂದೆವು. ಸಾಂಗೋಲೆಯ ತನಕ ದಾಳಿಂಬೆ ತೋಟ ಬಿಟ್ಟರೆ ಬರೀ ಜಾಲಿ ಮತ್ತು ಕಲ್ಲು. ವೇಳಾಪುರ ಸಮೀಪಿಸಿದಂತೆ ಕಬ್ಬು ಸುರುವಾಗುತ್ತದೆ, ಗಾಳಿಯಲ್ಲಿಯೇ ತಂಪು. ಒಂದೇ ಸೋಲಾಪುರ ಜಿಲ್ಲೆಯಲ್ಲಿ ಎರಡು ದೇಶ ಕಂಡಂತಾಗುತ್ತದೆ.

ಈ ಭೀಮಾ ನದಿಯ ಸೀಮೆಗೂ ಸಣ್ಣ ಕುದುರೆಗೂ ಹಳೆಯ ನಂಟು. ಧನಗರರ ತಟ್ಟುಗಳಿಗೆ ಭೀಮಥಡಿ ಎಂದು ಹೆಸರು. ಮರಾಠಿಯಲ್ಲಿ ಥಡಿ ಎಂದರೆ ದಂಡೆ. ನಮ್ಮ ಕನ್ನಡದ ತಡಿಯೂ ಅದೇ ಅರ್ಥದ್ದು. ಮರಾಠರ ದಂಡಿನಲ್ಲಿ ಘಟ್ಟ ಹತ್ತಿ ಇಳಿದವು ಈ ಗಿಡ್ಡ ಕುದುರೆಗಳೇ. ಇಷ್ಟು ವರ್ಷ ಬರೀ ತಟ್ಟು ಎನಿಸಿಕೊಂಡಿದ್ದ ಇದನ್ನು ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯವರು ಈಚೆಗೆ ಪ್ರತ್ಯೇಕ ತಳಿಯೆಂದು ದಾಖಲು ಮಾಡಿಕೊಂಡಿದ್ದಾರೆ.

ಅಕಲೂಜದ ಕುದುರೆ ಸಂತೆ ದೀಪಾವಳಿಯ ಹೊತ್ತಿಗೆ ಕೂಡುತ್ತದೆ. ಸಾಲುಸಾಲು ಡೇರೆ. ಕಿವಿಗಳ ತುದಿ ಒಂದಕ್ಕೊಂದು ತಾಗುವ ಮಾರವಾಡಿ ಕುದುರೆಗಳು, ಕಾಠಿಯಾವಾಡಿ ಕುದುರೆಗಳು, ಪಂಜಾಬದ ಎತ್ತರದ ಬಿಳಿ ಕುದುರೆಗಳು. ಒಂದೊಂದರ ಬೆಲೆ ಕೇಳಿದರೆ ನಮ್ಮ ಅಂಗಡಿಯ ಇಡೀ ಮಾಲು ಅದರೊಳಗೆ ಹೋಗುತ್ತದೆ. ತಟ್ಟುಗಳು ಸಂತೆಯ ಅಂಚಿನಲ್ಲಿ. ಅಲ್ಲಿ ಮೇಜಿನ ಎತ್ತರದ ಎರಡು ಪ್ರಾಣಿ ಕಟ್ಟಿದ್ದರು. ಹೊರದೇಶದ ಸಣ್ಣ ತಳಿಯೆಂದು ಹೇಳುತ್ತಿದ್ದರು. ಮಕ್ಕಳ ಹುಟ್ಟುಹಬ್ಬಕ್ಕೆ, ಫಾರ್ಮ್ ಹೌಸಿಗೆ ಎಂದು ಈಗ ಅವಕ್ಕೆ ಗಿರಾಕಿ ಬಹಳ. ಕೇಳುತ್ತ ನಿಂತವರಲ್ಲಿ ನಮ್ಮ ಸಮಾಜದ ಒಂದು ಕುಟುಂಬವೂ ಇತ್ತು. “ಇದಕ್ಕೆ ಬೇನೆ ಬಂದರೆ ಯಾರಿಗೆ ತೋರಿಸುತ್ತೀರಿ?” ಎಂದು ವಿಚಾರಿಸಿದೆ. ಅದನ್ನು ಅವರು ಯೋಚಿಸಿರಲಿಲ್ಲ. 2017ರಲ್ಲಿ ನಾನೂ ಯೋಚಿಸಿರಲಿಲ್ಲ.

ನಾನು ಸಂತೆಯಲ್ಲಿ ಮೂವರನ್ನು ಕೇಳಿದೆ. ಮೂವರ ಉತ್ತರವನ್ನೂ ಮೊಮ್ಮಗ ಬರೆದುಕೊಂಡ.

ಒಬ್ಬ ಹಳೆಯ ವ್ಯಾಪಾರಿ, “ನನ್ನ ಕುದುರೆಗಳಿಗೆ ನಾನೇ ಡಾಕ್ಟರು” ಎಂದರು. ಹೊಟ್ಟೆನೋವಾದರೆ ಎಣ್ಣೆಯನ್ನು ಬಾಟಲಿಯಿಂದ ಮೂಗಿನಲ್ಲಿ ಇಳಿಸುತ್ತೇನೆ ಎಂದು ಕೈಮಾಡಿ ತೋರಿಸಿದರು. ಹಾಗೆ ಇಳಿಸಿದ್ದು ಹೊಟ್ಟೆಗೆ ಹೋಗದೆ ಪುಪ್ಪುಸಕ್ಕೆ ಹೋಗಿ ಕುದುರೆ ಸಾಯುತ್ತದೆ ಎಂದು ಮರುದಿನ ಶಿರವಳದಲ್ಲಿ ತಿಳಿಯಿತು.

ಎರಡನೆಯವರು ದೊಡ್ಡ ಕುದುರೆಗಳ ಮಾಲೀಕರು. ಪುಣೆಯ, ಮುಂಬಯಿಯ ರೇಸಿನ ಕುದುರೆ ನೋಡುವ ಡಾಕ್ಟರರ ಹೆಸರು ಹೇಳಿದರು. ಒಂದು ಸಾರೆ ಬಂದು ಹೋಗುವ ಫೀ ಕೇಳಿ ನನ್ನ ಎದೆ ಝಲ್ಲೆಂದಿತು. ಯಾವ ಪ್ರಾಣಿ ಎಂದು ಕೇಳಿದರು. ಧನಗರರ ತಟ್ಟು ಎಂದೆ. ನಕ್ಕರು. “ತಟ್ಟುವಿಗೆ ಅವರು ಬರುತ್ತಾರೆಯೇ? ನಾನೂರು ಕಿಲೋ ಕುದುರೆಗೆ ಅಳತೆ ಮಾಡಿದ ಔಷಧ ಅವರ ಪೆಟ್ಟಿಗೆಯಲ್ಲಿರುತ್ತದೆ.”

ಮೂರನೆಯವನು ಲಾಳ ಹೊಡೆಯುವ ನಾಲಬಂದ. ಮುದುಕ, ತೊಡೆಯ ಮೇಲೆ ಗೊರಸು ಇಟ್ಟುಕೊಂಡು ಅರ ತಿಕ್ಕುತ್ತಲೇ ಮಾತನಾಡಿದ. “ಗೊರಸಿನ ಬೇನೆಗೆ ಡಾಕ್ಟರು ಒಬ್ಬನೇ ಸಾಲುವದಿಲ್ಲ, ನಾಲಬಂದ ಒಬ್ಬನೇ ಸಾಲುವದಿಲ್ಲ. ಯಾವ ಡಾಕ್ಟರು ನನ್ನನ್ನು ಕರೆದು, ಇದನ್ನು ಇಷ್ಟು ತೆಗೆ, ಇಷ್ಟು ಬಿಡು ಎಂದು ಪಕ್ಕದಲ್ಲಿ ನಿಲ್ಲುತ್ತಾರೋ ಅವರಿಗೆ ತೋರಿಸಿರಿ. ಶಿರವಳದ ಕಾಲೇಜಿನಲ್ಲಿ ಕೇಳಿ ನೋಡಿರಿ.” ಸಂತೆಯಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ.

ನಾಲ್ಕು ಗಂಟೆಗೆ ಅಕಲೂಜ ಬಿಟ್ಟೆವು. ಮಾಳಶಿರಸ ತಾಲೂಕಿನ ಈ ರಸ್ತೆಯಲ್ಲಿಯೇ ಆಷಾಢದಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ಪಂಢರಪುರಕ್ಕೆ ಸಾಗುತ್ತದೆ. ಸದಾಶಿವನಗರ, ಖುಡೂಸಗಳ ಬಯಲಿನಲ್ಲಿ ಲಕ್ಷಗಟ್ಟಲೆ ಜನರ ನಡುವೆ ಮಾವುಲಿಯ ಕುದುರೆ ಸುತ್ತು ಓಡುತ್ತದೆ. ಆ ಕುದುರೆಗಳು ಪ್ರತಿ ವರ್ಷ ಬರುವದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರದಾರರ ಮನೆತನದಿಂದ. ಅಲ್ಲಿಂದ ಆಳಂದಿಯ ತನಕ ನಡೆದೇ ಹೋಗುತ್ತವೆ. “ಅವಕ್ಕ ಡಾಕ್ಟರ್ ಯಾರಜ್ಜಾ?” ಎಂದ ಮೊಮ್ಮಗ. “ದಿನಾ ನಡಿಯೂ ಕುದರಿಗೆ ಡಾಕ್ಟರ್ ಕೆಲಸ ಕಡಿಮಿ” ಎಂದು ತಮ್ಮನ ಮಗ ನಕ್ಕ. ನಗೆಮಾತಾದರೂ ನನಗೆ ಹಿತ್ತಲದಲ್ಲಿ ಕಟ್ಟಿ ಹಾಕಿದ್ದ ಮೋತಿ ನೆನಪಾಯಿತು.

ನಾತೇಪುತೆಯ ಹತ್ತಿರ ದಹಿಗಾವ ಇದೆ. ಮಹಾವೀರ ಸ್ವಾಮಿಯ ದಿಗಂಬರ ಜೈನ ಅತಿಶಯ ಕ್ಷೇತ್ರ. ನಮ್ಮ ಕಡೆಯ ಅನೇಕ ಕುಟುಂಬಗಳು ಹರಕೆ ಹೊತ್ತು ಹೋಗುತ್ತಾರೆ, ಆದ್ದರಿಂದ ಹೆಚ್ಚು ಹೇಳುವದಿಲ್ಲ. ಸೂರ್ಯಾಸ್ತದ ಮೊದಲು ಊಟ ಮುಗಿಸಿ ದರ್ಶನ ಮಾಡಿಕೊಂಡು ಧರ್ಮಶಾಲೆಯಲ್ಲಿ ಉಳಿದೆವು. ಅಂದು ಸಂಭವನಾಥ ತೀರ್ಥಂಕರರ ಲಾಂಛನ ಕುದುರೆಯೆಂದು ಮೊಮ್ಮಗನಿಗೆ ಹೇಳಿಕೊಟ್ಟೆ. ರಾತ್ರಿ ಸಾಮಾಯಿಕಕ್ಕೆ ಕೂತಾಗ ಅಹಿಂಸಾಣುವ್ರತದ ಐದು ಅತಿಚಾರಗಳು ನೆನಪಿಗೆ ಬಂದವು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಐದನೆಯದಕ್ಕೆ ಬಂದು ನಿಂತುಬಿಟ್ಟೆ. ಉಪವಾಸವನ್ನು ತನ್ನ ಇಚ್ಛೆಯಿಂದ ತಾನು ಮಾಡಬೇಕು. ಕಟ್ಟಿ ಹಾಕಿದ ಪ್ರಾಣಿಯ ಮುಂದಿನಿಂದ ಮೇವು ಎತ್ತಿದರೆ ಅದು ಉಪವಾಸವಲ್ಲ, ಅನ್ನಪಾನನಿರೋಧ. ಐವತ್ತು ವರ್ಷ ಹೇಳಿದ ಮಾತಿನ ಅರ್ಥ ಆ ರಾತ್ರಿ ತಿಳಿಯಿತು.

ಮರುದಿನ ಫಲಟಣ, ಲೋಣಂದ ಹಾದು ಶಿರವಳ ಮುಟ್ಟಿದೆವು. ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ, ನೀರಾ ನದಿಯ ಹತ್ತಿರದ ಊರು. ಅಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯ ಕಾಲೇಜು 1988ರಿಂದ ನಡೆಯುತ್ತಿದೆ. ನಾನಾ ಪಾಟೀಲರು ಬ್ರಿಟಿಷರ ಕಾಲದಲ್ಲಿ ಸಾತಾರೆಯ ಪ್ರತಿಸರಕಾರ ನಡೆಸಿದವರು. ದವಾಖಾನೆಯ ಮುಂದೆ ಎಮ್ಮೆ, ಆಡು, ನಾಯಿಗಳ ಸಾಲು. ಎಮ್ಮೆ ತಂದ ರೈತನಿಗೂ ಕಾರಿನಲ್ಲಿ ನಾಯಿ ತಂದವರಿಗೂ ಒಂದೇ ಬಾಕು.

ನಮ್ಮ ಸರದಿ ಬಂದಾಗ ಒಳಗಿದ್ದವರು ಒಬ್ಬ ಮಧ್ಯವಯಸ್ಸಿನ ಡಾಕ್ಟರ್ ಬಾಯಿ. ಪ್ರಾಣಿ ತಂದಿಲ್ಲ, ಡಾಕ್ಟರನ್ನು ಆರಿಸಲು ಬಂದಿದ್ದೇವೆ ಎಂದೆ. ಬೈದಾರು ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, “ಹೀಗೆ ಕೇಳಲು ಬಂದವರು ಕಡಿಮೆ, ಕೂಡಿರಿ” ಎಂದರು. ನಾನು ಮೋತಿಯ ಕಥೆ ಸುರುಮಾಡಿದೆ. ಅರ್ಧಕ್ಕೆ ತಡೆದು ಕೇಳಿದರು:

“ತೂಕ ಎಷ್ಟಿತ್ತು?”

“ಎರಡೂವರೆ ಕ್ವಿಂಟಲ್ ಇದ್ದೀತು.”

“ತೂಗಿದ್ದಿರಾ?”

ಜೀವಮಾನವೆಲ್ಲ ತಕ್ಕಡಿಯ ಮುಂದೆ ಕೂತವನು ನಾನು. ಚೀಲದಲ್ಲಿ ನೂರು ಗ್ರಾಂ ಕಡಿಮೆಯಾದರೆ ಹಮಾಲನಿಗೆ ಕೇಳುವವನು. ಮೋತಿಯನ್ನು ತೂಗಿರಲಿಲ್ಲ. ಸೂಜಿ ಚುಚ್ಚಿದವರೂ ತೂಕ ಕೇಳಿರಲಿಲ್ಲ.

ಬಾಯಿಯವರು ಬಿಡಿಸಿ ಹೇಳಿದರು. ನೋವಿನ ಔಷಧ, ಜಂತಿನ ಔಷಧ ಎಲ್ಲವೂ ತೂಕದ ಲೆಕ್ಕ. ಸಣ್ಣ ಪ್ರಾಣಿಗೆ ಅಂದಾಜಿನ ಮೇಲೆ ಹಾಕಿದರೆ ಒಂದೂವರೆ ಪಟ್ಟು, ಎರಡು ಪಟ್ಟು ಬಿದ್ದುಬಿಡುತ್ತದೆ. ನೋವಿನ ಔಷಧ ಹೆಚ್ಚಾದರೆ ಕರುಳಿಗೆ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಕಾಟಾ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ತನಕದ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರಾಗಿ ಕಿಲೋ ಬರುತ್ತದೆ. ಮೊಮ್ಮಗ ಬರೆದುಕೊಂಡ.

“ನಿಮ್ಮ ಮೋತಿಗೆ ಆದದ್ದು ಮೊದಲು ಲ್ಯಾಮಿನೈಟಿಸ್ ಇರಬೇಕು. ಬೆಲ್ಲ, ಕಾಳು ಹೆಚ್ಚಾಗಿ ಗೊರಸಿನೊಳಗೆ ಉರಿ ಏಳುತ್ತದೆ. ಗಿಡ್ಡ ಕುದುರೆಗಳು ಬರಡು ನೆಲದಲ್ಲಿ ಕಡಿಮೆ ಮೇವಿನಲ್ಲಿ ಬದುಕಲು ಹುಟ್ಟಿದವು. ಅವಕ್ಕೆ ಸಿರಿತನ ತಾಳುವದಿಲ್ಲ. ಕಾಳು, ಬೆಲ್ಲ ಬಂದ್ ಮಾಡುವದು ಸರಿ. ಆದರೆ ಒಣ ಹುಲ್ಲೂ ಕೊಡದೆ ಪೂರಾ ಉಪವಾಸ ಕೆಡವಬಾರದಿತ್ತು. ಕೊಬ್ಬಿದ ತಟ್ಟು ಹಸಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿಯುತ್ತದೆ, ಯಕೃತ್ತು ಕೆಡುತ್ತದೆ. ಕತ್ತೆಗೂ ಸಣ್ಣ ಕುದುರೆಗೂ ಇದು ದೊಡ್ಡ ಕುದುರೆಗಿಂತ ಬಹಳ ಬೇಗ ಆಗುತ್ತದೆ. ನಾನು ಕಣ್ಣಿಂದ ನೋಡಿಲ್ಲ, ಹೀಗೇ ಆಯಿತೆಂದು ಹೇಳಲಾರೆ. ಆದರೆ ನೀವು ಹೇಳುವದು ಅದಕ್ಕೆ ಹೊಂದುತ್ತದೆ.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೊಮ್ಮಗನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವನು ಹದಿಮೂರು ವರ್ಷದವನು. ನೋಟುಬುಕ್ಕು ಮುಚ್ಚಿ ನನ್ನ ಕೈ ಹಿಡಿದುಕೊಂಡ.

ಅವರು ಇನ್ನೊಂದು ಮಾತು ಕೇಳಿದರು. ಗುಣವಾಗದ ನೋವಿನಲ್ಲಿರುವ ಕುದುರೆಯನ್ನು ಸೂಜಿ ಕೊಟ್ಟು ಮುಗಿಸಿರೆಂದು ಕೆಲವು ಮಾಲೀಕರು ಕೇಳುತ್ತಾರೆ, ನಿಮ್ಮ ಮನೆಯ ವಿಚಾರವೇನು ಎಂದರು. ನಮ್ಮಲ್ಲಿ ಆಗದು ಎಂದೆ. “ಆಗಲಿ. ಅದನ್ನು ಡಾಕ್ಟರಿಗೆ ಇಂದೇ ಹೇಳಿಡಿರಿ. ಕೊನೆತನಕ ನೋವು ಕಡಿಮೆ ಇಡುವ ಏರ್ಪಾಡು ಅವರು ಮೊದಲೇ ಮಾಡಿಕೊಳ್ಳಬೇಕು. ಅಹಿಂಸೆಯೆಂದು ಹೇಳಿ ಪ್ರಾಣಿಯನ್ನು ಹೊರಳಾಡಲು ಬಿಡಬಾರದು.” ಗ್ಲ್ಯಾಂಡರ್ಸ್ ಎಂಬ ಒಂದು ರೋಗ ಮಾತ್ರ ಬೇರೆ. ಅದು ಮನುಷ್ಯರಿಗೂ ತಗಲುವದರಿಂದ 2009ರ ಕಾನೂನಿನ ಕೆಳಗೆ ಸರಕಾರ ಅಂಥ ಕುದುರೆಯನ್ನು ಉಳಿಸುವದಿಲ್ಲ. ಸಂತೆಯಿಂದ ಕುದುರೆ ತರುವವರು ಮೊದಲೇ ರಕ್ತಪರೀಕ್ಷೆ ಮಾಡಿಸಬೇಕೆಂದು ಅವರು ಒತ್ತಿ ಹೇಳಿದರು.

ಕೊನೆಗೆ ನಾನು, “ನೀವೇ ನಮ್ಮ ಡಾಕ್ಟರಾಗಿರಿ” ಎಂದೆ. ಅವರು ನಕ್ಕರು. “ಜತ್ತದಿಂದ ಇಲ್ಲಿಗೆ ಎಷ್ಟು ದೂರ?”

“ಇನ್ನೂರು ಕಿಲೋಮೀಟರಿಗೂ ಮೇಲೆ.”

“ಕುದುರೆಗೆ ವಾಂತಿ ಆಗುವದಿಲ್ಲ. ಹೊಟ್ಟೆಶೂಲೆ ಎದ್ದರೆ ತಾಸುಗಳ ಲೆಕ್ಕ. ನೀವು ನನ್ನಲ್ಲಿಗೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ನಿಮ್ಮ ಹತ್ತಿರ ಯಾರಿದ್ದಾರೆ?” ತರುಣ ಡಾಕ್ಟರರ ವಿಷಯ ಹೇಳಿದೆ, ಕುದುರೆ ಹೆಚ್ಚು ನೋಡಿಲ್ಲವೆಂದು ಅವರೇ ಹೇಳಿದರೆಂದೂ ಹೇಳಿದೆ.

“ಅವರೇ ಹಾಗೆ ಹೇಳಿದರೇ? ಕೇಳಿ ತಿಳಿದು ಮಾಡುತ್ತೇನೆ ಎಂದರೇ? ಹಾಗಾದರೆ ನಿಮ್ಮ ಡಾಕ್ಟರು ಅವರೇ. ನಂಬರು ಕೊಡಿರಿ.” ಅಲ್ಲಿಯೇ ಫೋನು ಹಚ್ಚಿ ಅವರೊಡನೆ ಹತ್ತು ನಿಮಿಷ ಮಾತನಾಡಿದರು. ಮೂರು ದಿನ ತಿರುಗಾಡಿ ಹುಡುಕಿದ ಡಾಕ್ಟರು ನಮ್ಮ ತಾಲೂಕಿನಲ್ಲಿಯೇ ಇದ್ದರು. ಗೊತ್ತಿಲ್ಲವೆಂದ ಅವರ ಪ್ರಾಮಾಣಿಕತೆಯನ್ನು ನಾನು ಅಸಡ್ಡೆ ಮಾಡಿದ್ದೆ. ಎಲ್ಲ ಗೊತ್ತಿದ್ದವರಂತೆ ಎಂಜಿನ್ ಬಂದ್ ಮಾಡದೆ ಬಂದವರಿಗೆ ಕೈಮುಗಿದಿದ್ದೆ.

ಮಾರ್ಗಶೀರ್ಷದಲ್ಲಿ ಮುದಿ ತಟ್ಟು ಮನೆಗೆ ಬಂತು. ಹೆಸರು ಸೋನಿ. ಆ ಭಾನುವಾರವೇ ತರುಣ ಡಾಕ್ಟರರು ಟೇಪು ಹಿಡಿದು ಬಂದರು. ಸುತ್ತಳತೆ 132, ಉದ್ದ 125. ಮೊಮ್ಮಗ ಲೆಕ್ಕ ಮಾಡಿ 183 ಕಿಲೋ ಎಂದ. ನಂಬಿಕೆ ಬಾರದೆ ಪಿಕ್‌ಅಪ್ಪಿನಲ್ಲಿ ಹತ್ತಿಸಿ ವೇ ಬ್ರಿಜ್ಜಿಗೆ ಒಯ್ದೆ. ಗಾಡಿಯ ತೂಕ ಕಳೆದು 190 ಬಂತು. ನನ್ನ ಕಣ್ಣಂದಾಜು ಇದಕ್ಕೂ ಎರಡೂವರೆ ಕ್ವಿಂಟಲ್ಲೇ ಆಗಿತ್ತು. ಧನುರ್ವಾಯುವಿನ ಲಸಿಕೆ ಹಾಕಿದರು, ಹಲ್ಲು ನೋಡಿದರು, ನಾಲಬಂದನನ್ನು ಕರೆಸಲು ಹೇಳಿದರು. ಹಿತ್ತಲದ ಬಾಗಿಲಿಗೆ ಮೊಮ್ಮಗ ಒಂದು ಹಲಗೆ ಹಚ್ಚಿದ: “ಸೋನಿಗೆ ಬೆಲ್ಲ ಹಾಕಬೇಡಿರಿ.” ಕೆಲವು ಗಿರಾಕಿಗಳು ಪುಣ್ಯಕ್ಕೆ ಅಡ್ಡ ಬಂದೆನೆಂದು ಸಿಟ್ಟಾದರು.

ಪುಷ್ಯಮಾಸದ ಒಂದು ರಾತ್ರಿ ಹನ್ನೊಂದಕ್ಕೆ ಸೋನಿ ನೆಲಕ್ಕೆ ಬಿದ್ದು ಹೊರಳತೊಡಗಿತು. ಲದ್ದಿ ಹಾಕಿರಲಿಲ್ಲ. ಥಂಡಿಯಲ್ಲಿ ನೀರು ಕಡಿಮೆ ಕುಡಿದಿತ್ತು. ಡಾಕ್ಟರರು ಇಪ್ಪತ್ತು ನಿಮಿಷದಲ್ಲಿ ಬಂದರು. ನಾಡಿ ಎಣಿಸಿದರು, ವಸಡು ಒತ್ತಿ ನೋಡಿದರು, ಹೊಟ್ಟೆಗೆ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿದರು. ಶಿರವಳಕ್ಕೆ ಫೋನು ಹಚ್ಚಿ ಎದುರಿಗಿಟ್ಟುಕೊಂಡೇ, ಗೋಡೆಯ ಮೇಲೆ ಬರೆದಿಟ್ಟ ತೂಕ ನೋಡಿ ಸೂಜಿ ತುಂಬಿದರು. ಸಣ್ಣ ಕುದುರೆಗೆಂದೇ ತರಿಸಿಟ್ಟ ಸಪೂರ ನಳಿಕೆಯನ್ನು ಮೂಗಿನಿಂದ ಹೊಟ್ಟೆಯ ತನಕ ಇಳಿಸಿ, ಸರಿಯಾದ ಜಾಗ ಮುಟ್ಟಿತೆಂದು ಎರಡು ಸಾರೆ ಖಾತ್ರಿ ಮಾಡಿಕೊಂಡು ನೀರು ಬಿಟ್ಟರು. ನಾವೆಲ್ಲ ಣಮೋಕಾರ ಹೇಳುತ್ತ ಕೂತೆವು. ಮುಂಜಾನೆ ಐದಕ್ಕೆ ಸೋನಿ ಲದ್ದಿ ಹಾಕಿತು. ಲದ್ದಿ ಕಂಡು ಅಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಣ್ಣ ಕುದುರೆ ಸಾಕುವ, ಸಾಕಬೇಕೆಂದಿರುವ ಬಾಂಧವರ ಉಪಯೋಗಕ್ಕೆಂದು ನಾನು ಕಲಿತದ್ದನ್ನು ಕೆಳಗೆ ಕೊಟ್ಟಿದ್ದೇನೆ.

1. ಡಾಕ್ಟರನ್ನು ಪ್ರಾಣಿ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿರಿ. ಅವರು ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆದವರೋ ಎಂದು ಕೇಳಿರಿ. 1984ರ ಕಾನೂನಿನಂತೆ ಅದು ಬೇಕು. ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವದಿಲ್ಲ.

2. ಔಷಧ ಕೊಡುವ ಮೊದಲು ತೂಕ, ವಯಸ್ಸು, ಮೇವು ಕೇಳುತ್ತಾರೋ ನೋಡಿರಿ. ಸಣ್ಣ ಪ್ರಾಣಿಗೆ ಹೊಂದುವ ಸಪೂರ ನಳಿಕೆ ಇದೆಯೋ ಕೇಳಿರಿ.

3. ಹತ್ತಿರದಲ್ಲಿ ಒಬ್ಬರು, ಅವರು ಸಲಹೆ ಕೇಳಲು ದೂರದಲ್ಲಿ ಒಬ್ಬ ಅನುಭವಿಗಳು, ಹೀಗೆ ಇಬ್ಬರು ಬೇಕು. ಇಬ್ಬರಿಗೂ ಒಬ್ಬರ ಪರಿಚಯ ಒಬ್ಬರಿಗಿರಲಿ.

4. ನಾಲಬಂದನನ್ನು ಜೊತೆಗೆ ಕರೆದು ಕೆಲಸ ಮಾಡುವ ಡಾಕ್ಟರು ಉತ್ತಮರು.

5. ಯಾರೂ ಸಿಗದಿದ್ದರೆ ಸರಕಾರದ ಸಂಚಾರಿ ಪಶು ದವಾಖಾನೆಗೆ 1962 ನಂಬರಿಗೆ ಫೋನು ಮಾಡಿರಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಅದೇ ನಂಬರು.

6. ಬೆಲ್ಲ, ಪೇಢೆ, ಚಪಾತಿ ತಿನ್ನಿಸುವದು ದಾನವಲ್ಲ. ಮೇವು ಪೂರ್ಣ ನಿಲ್ಲಿಸುವದು ಔಷಧವಲ್ಲ. ಎರಡನ್ನೂ ಡಾಕ್ಟರನ್ನು ಕೇಳಿಯೇ ಮಾಡಿರಿ.

ಆ ವರ್ಷ ಮಳೆ ಬಿದ್ದ ಮೇಲೆ ಧನಗರ ಹಿರಿಯರು ಬಂದರು. ಮೊದಲು ಅಂಗಡಿಗೆ ಬಾರದೆ ಹಿತ್ತಲಕ್ಕೆ ಹೋದರು. ಸೋನಿಯ ನಾಲ್ಕೂ ಗೊರಸು ಎತ್ತಿ ನೋಡಿದರು, ಪಕ್ಕೆಲುಬಿನ ಮೇಲೆ ಕೈಯಾಡಿಸಿದರು. ಗೋಡೆಯ ಮೇಲೆ ಬರೆದ ತೂಕವನ್ನು ಓದಲು ಬಾರದೆ, ಅದೇನೆಂದು ಮೊಮ್ಮಗನನ್ನು ಕೇಳಿ ತಿಳಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಸಾಹುಕಾರ್ರ, ಇನ್ನೊಂದು ಮುದುಕಿ ಐತ್ರಿ. ಮುಂದಿನ ವರ್ಸ ಅದನ್ನೂ ತರ್ಲ್ಯಾ?” ಅಂದರು.

ತನ್ನಿರಿ ಎಂದು ಹೇಳಿದ್ದೇನೆ. ಡಾಕ್ಟರರಿಗೂ ಹೇಳಿ ಇಟ್ಟಿದ್ದೇನೆ.